ಅಮ್ಮ ಆರಿಸಿಕೊಂಡ ಟ್ರೊಂಬೋನ್

ಮನೆ, ಅಡುಗೆಮನೆಯ ಮೇಜು,
ಮಾರ್ಚ್ ೯, ಗುರುವಾರ ಮಧ್ಯಾಹ್ನ

ನನ್ನ ಪ್ರೀತಿಯ ಕುಳ್ಳಿಗೆ,

ಹೇಗಿದ್ದೀಯೇ? ಕೆಮ್ಮು ಹೋಯಿತೇ? ಹೋದ ಪತ್ರದಲ್ಲಿ ‘ಸ್ವಲ್ಪ ಕೆಮ್ಮು’ ಎಂದು ಬರೆದಿದ್ದೆ. ನಿನ್ನ ‘ಸ್ವಲ್ಪ’ ಎಷ್ಟೆಂದು ನನಗೆ ಗೊತ್ತು. ಆರನೇ ಕ್ಲಾಸಿನಲ್ಲಿ ಮೊಣಕೈ ಮೂಳೆ ಸೀಳಿಸಿಕೊಂಡು ಬಂದು ‘ಸ್ವಲ್ಪ ನೋವು’ ಅಂದವಳಲ್ಲವೇ ನೀನು. ಆ ದ್ವೀಪದಲ್ಲಿ ಬಿಸಿನೀರಾದರೂ ಸರಿಯಾಗಿ ಸಿಗುತ್ತದೆಯೇ? ಹವಾಮಾನ ಕೇಂದ್ರದಲ್ಲಿ ಗಾಳಿಯ ವೇಗ ಅಳೆಯುವುದು ನಿನ್ನ ಕೆಲಸ, ಒಪ್ಪಿದೆ. ಅದಕ್ಕೆಂದು ಅದರೆದುರು ಎದೆಯೊಡ್ಡಿ ನಿಲ್ಲಬೇಕೆಂದೇನೂ ಇಲ್ಲ. ಕಳಿಸಿದ ಉಣ್ಣೆ ಕಾಲುಚೀಲ ಹಾಕಿಕೋ. ಹಸಿರು ಬಣ್ಣ ಚೆನ್ನಾಗಿಲ್ಲ ಎಂದು ನನಗೂ ಗೊತ್ತು, ಅಲ್ಲಿ ನೋಡುವವರು ಯಾರು, ಹಕ್ಕಿಗಳು ತಾನೆ? ನಿನ್ನ ಅಪ್ಪ ಚೆನ್ನಾಗಿದ್ದಾರೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಮೂವತ್ತು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಟಿಕೆಟ್ ಹರಿದ ಕಾಲು, ಇನ್ನು ಮೇಲೆ ಕೂರುತ್ತೇನೆ ಅನ್ನುತ್ತಿದೆ ಎನ್ನುತ್ತಾರೆ. ನನ್ನ ಎದೆಯುಬ್ಬಸ ಎಷ್ಟೋ ವಾಸಿ. ಅದು ಹೇಗೆ ವಾಸಿಯಾಯಿತು ಎನ್ನುವುದೇ ಈ ಸಲದ ಸುದ್ದಿ. ಐದು ಗಂಟೆಗೆ ಟಪಾಲು ತೆಗೆಯುತ್ತಾರೆ, ನಾಳೆ ಬೆಳಿಗ್ಗೆ ನಿಮ್ಮ ದೋಣಿ ಹೊರಡುತ್ತದೆ, ಅಷ್ಟರೊಳಗೆ ಬರೆದು ಮುಗಿಸಬೇಕು.

ಕೂತುಕೊಂಡು ಓದು. ನಾನು ಟ್ರೊಂಬೋನ್ ನುಡಿಸುತ್ತಿದ್ದೇನೆ. ನಿನ್ನ ಟ್ರೊಂಬೋನನ್ನೇ. ಹದಿನಾಲ್ಕು ತಿಂಗಳಾಯಿತು. ತಿಂಗಳಿಗೆ ಎರಡು ದೋಣಿಯಂತೆ ಇಪ್ಪತ್ತೆಂಟು ಪತ್ರ ಬರೆದಿದ್ದೇನೆ, ಒಂದರಲ್ಲೂ ಬಾಯಿ ಬಿಡಲಿಲ್ಲ. ಪ್ರತಿ ಸಲವೂ ಇದನ್ನು ಬರೆಯಬೇಕೆಂದೇ ಕೂರುತ್ತಿದ್ದೆ, ಮೇಲಿನ ಮನೆಯವರ ಕೊಳಾಯಿ ಸೋರುವುದರ ವಿಷಯ ಬರೆದು ಏಳುತ್ತಿದ್ದೆ. ಆ ಕೊಳಾಯಿಯ ಬಗ್ಗೆ ನಿನಗೀಗ ಅವರಿಗಿಂತ ಹೆಚ್ಚು ಗೊತ್ತಿರಬೇಕು.

ಆದದ್ದು ಹೀಗೆ. ನಿವೃತ್ತಿಯಾದ ಮೇಲೆ ಎದೆಯ ಡಾಕ್ಟರು ಫೋಟೋ ತೆಗೆಸಿ ನೋಡಿ, ಪಿಂಗಾಣಿ ಕಾರ್ಖಾನೆಯ ದೂಳು ಶ್ವಾಸಕೋಶದಲ್ಲಿ ಬಿಡಾರ ಹೂಡಿದೆ, ದಿನಕ್ಕೆ ಅರ್ಧ ಗಂಟೆ ಬಲೂನು ಊದಿ ಎಂದರು. ಮೂರು ದಿನ ಊದಿದೆ. ಅರುವತ್ತರ ಹೆಂಗಸು ಕಿಟಕಿಯ ಪಕ್ಕ ಕೂತು ಒಂದಾದ ಮೇಲೊಂದು ಬಲೂನು ಊದುತ್ತಿದ್ದರೆ ಬೀದಿಯಲ್ಲಿ ಹೋಗುವವರು ಯಾರ ಹುಟ್ಟುಹಬ್ಬ ಎಂದು ಕೇಳುತ್ತಾರೆ. ನಾಲ್ಕನೆಯ ದಿನ ಅಟ್ಟದಿಂದ ಹಳೆಯ ಕಂಬಳಿ ಇಳಿಸಲು ಹೋದಾಗ ನಿನ್ನ ಕಪ್ಪು ಪೆಟ್ಟಿಗೆ ಕೈಗೆ ಸಿಕ್ಕಿತು. ನಿನ್ನನ್ನು ಕೇಳಬೇಕಿತ್ತು. ಕೇಳದೆ ತೆರೆದೆ. ಕೇಳದೆ ಆ ಉದ್ದನೆಯ ಹಿತ್ತಾಳೆ ವಾದ್ಯವನ್ನು ಬಾಯಿಗಿಟ್ಟೆ. ಮೊದಲು ಬರೀ ಗಾಳಿ ಬಂತು, ಆಮೇಲೆ ಎಮ್ಮೆ ಕರೆದಂಥ ಒಂದು ಸದ್ದು. ನಿನ್ನ ಅಪ್ಪ ಸ್ನಾನದ ಮನೆಯಿಂದ ಟವೆಲಿನಲ್ಲೇ ಓಡಿ ಬಂದರು. ಅವರು ಬಾಗಿಲಲ್ಲಿ ನಿಂತು ಒಂದು ಕ್ಷಣ, ನಿಜವಾಗಿಯೂ ಒಂದು ಕ್ಷಣ, ನೀನೇ ಬಂದುಬಿಟ್ಟೆ ಅಂದುಕೊಂಡರಂತೆ. ನನ್ನನ್ನು ಕಂಡು ಅವರ ಮುಖ ಇಳಿದದ್ದನ್ನು ನೋಡಿ ನಾನು ಅದನ್ನು ಅಂದೇ ಪೆಟ್ಟಿಗೆಗೆ ಹಾಕಬೇಕಿತ್ತು. ಹಾಕಲಿಲ್ಲ. ಮಾರನೆಯ ದಿನ ಅವರೇ ಕಿವಿಗೆ ಹತ್ತಿ ಇಟ್ಟುಕೊಂಡು ಬಂದು, ಊದು, ಡಾಕ್ಟರು ಹೇಳಿದ್ದಾರಲ್ಲ ಎಂದರು.

ಎರಡು ತಿಂಗಳು ಹೀಗೆ ಎಮ್ಮೆ ಸಾಕಿದ ಮೇಲೆ ಧೈರ್ಯ ಮಾಡಿ ಶನಿವಾರದ ಕಲಿಯುವವರ ತರಗತಿಗೆ ಹೋದೆ. ನೀನು ಹೋಗುತ್ತಿದ್ದ ಅದೇ ಶಾಲೆಯ ಹಾಲ್, ಅದೇ ಮಡಚುವ ಕುರ್ಚಿಗಳು, ಅದೇ ಬ್ಯಾಂಡ್ ಮೇಷ್ಟ್ರು. ತಲೆ ಪೂರ್ತಿ ಬೆಳ್ಳಗಾಗಿದೆ, ಕೋಲು ಹಿಡಿಯುವ ಕೈ ಮಾತ್ರ ಹಾಗೇ ಇದೆ. ಹತ್ತು ವರ್ಷದ ಮೇಲೆ ಅವರ ಎದುರು ನಿಂತೆ. ಅವರು ನನ್ನನ್ನು ನೋಡಿದರು, ನನ್ನ ಕೈಯಲ್ಲಿದ್ದ ಪೆಟ್ಟಿಗೆಯನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು, ಕೊನೆಯ ಸಾಲಿನ ಕುರ್ಚಿ ತೋರಿಸಿದರು. ಅಷ್ಟೆ. ಮರೆತಿದ್ದಾರೆ ಎಂದು ನಾನು ಸಮಾಧಾನ ಮಾಡಿಕೊಂಡೆ. ನನ್ನ ಎಡಕ್ಕೆ ಹತ್ತು ವರ್ಷದ ಹುಡುಗಿ, ಬಲಕ್ಕೆ ಒಬ್ಬ ನಿವೃತ್ತ ಹಲ್ಲಿನ ಡಾಕ್ಟರು. ನಾವು ಮೂವರೂ ಸೇರಿ ಒಂದು ಸ್ವರ ಹಿಡಿಯಲು ಒಂದು ತಿಂಗಳು ತೆಗೆದುಕೊಂಡೆವು.

ಜಂಭ ಅನ್ನಬೇಡ, ಆದರೆ ನಾನು ಬೇಗ ಕಲಿತೆ ಕಣೇ. ಇಪ್ಪತ್ತೊಂಬತ್ತು ವರ್ಷ ಕರೆಂಟ್ ಕಂಬದ ಪಿಂಗಾಣಿ ಬಟ್ಟಲುಗಳನ್ನು ಸಣ್ಣ ಸುತ್ತಿಗೆಯಿಂದ ಬಡಿದು ಬಿರುಕು ಕೇಳಿಸಿಕೊಂಡ ಕಿವಿ ಇದು. ಉಸಿರು ಸಾಲದಿದ್ದರೂ ಸ್ವರ ತಪ್ಪಿದರೆ ತಕ್ಷಣ ಗೊತ್ತಾಗುತ್ತಿತ್ತು. ತಳದ ಸ್ವರಗಳು ನನಗೆ ತಾವಾಗಿಯೇ ಒಲಿದವು. ಹೋದ ವರ್ಷದ ಕೊನೆಗೆ ದೊಡ್ಡ ಬ್ಯಾಂಡಿನಲ್ಲಿ ತಳದ ಸ್ವರಗಳ ಬೇಸ್ ಟ್ರೊಂಬೋನ್ ನುಡಿಸುತ್ತಿದ್ದವರು ಮಗನ ಊರಿಗೆ ಹೋದಾಗ ಮೇಷ್ಟ್ರು ಆ ಕುರ್ಚಿಗೆ ನನ್ನನ್ನು ಕೂರಿಸಿದರು, ಕಲಿಯುತ್ತಾ ಕೂರಿ ಎಂದರು. ಅಲ್ಲಿ ಶುರುವಾಯಿತು ತೊಂದರೆ. ನಿನ್ನದು ಸಾಮಾನ್ಯ ಟ್ರೊಂಬೋನ್, ಹೆಬ್ಬೆರಳಿಗೆ ಒಂದೇ ವಾಲ್ವ್. ಕೆಳಗಿನ ಸ್ವರಗಳು ಅದರಲ್ಲಿ ತೆಳ್ಳಗೆ ಬರುತ್ತವೆ, ಒಂದು ಸ್ವರವಂತೂ ಇಲ್ಲವೇ ಇಲ್ಲ. ವಾಲ್ವ್ ಒತ್ತಿ, ಹಿಂದೆ ಮುಂದೆ ಜಾರುವ ಸ್ಲೈಡನ್ನು ಕೊನೆಯವರೆಗೆ ಚಾಚಿದರೂ ಇನ್ನೂ ನಾಲ್ಕು ಬೆರಳು ಕೊಳವೆ ಬೇಕು, ಅದಕ್ಕಿಂತ ಮುಂದೆ ಚಾಚಿದರೆ ಸ್ಲೈಡ್ ಕಳಚಿ ಮುಂದಿನವರ ಬೆನ್ನಿಗೆ ಬೀಳುತ್ತದೆ. ನಾನು ಆ ಸ್ವರ ಬಂದಾಗಲೆಲ್ಲ ಕೆನ್ನೆ ಉಬ್ಬಿಸಿ ನುಡಿಸಿದ ಹಾಗೆ ನಟಿಸುತ್ತಿದ್ದೆ. ಮೂರು ವಾರದ ಮೇಲೆ ಮೇಷ್ಟ್ರು ಅಭ್ಯಾಸ ನಿಲ್ಲಿಸಿ, ಇನ್ನು ನಟನೆ ಸಾಕು, ಎರಡು ವಾಲ್ವಿನದು ತಗೊಳ್ಳಿ, ಆರಿಸಲು ನಾನೂ ಬರುತ್ತೇನೆ ಎಂದರು.

ಹೋದ ಮಂಗಳವಾರ ಹೋದೆವು. ನಿನಗೆ ಆ ಅಂಗಡಿ ನೆನಪಿರಬಹುದು, ಬಟ್ಟೆ ಗೋದಾಮಿನ ಮೇಲಿನ ಮಹಡಿ, ಕಡಿದಾದ ಮರದ ಮೆಟ್ಟಿಲು. ರಿಪೇರಿ ಮಾಡುತ್ತಿದ್ದ ಮುದುಕರು ತೀರಿಕೊಂಡಿದ್ದಾರೆ, ಈಗ ಅವರ ಸೊಸೆ ನೋಡಿಕೊಳ್ಳುತ್ತಾಳೆ. ಬೆಸುಗೆಯ ಸೀಸದ ವಾಸನೆ, ಗೋಡೆಯ ತುಂಬ ನೇತುಹಾಕಿದ ಹಿತ್ತಾಳೆ, ನಡುವೆ ಉದ್ದನೆಯ ಖಾಲಿ ಕೋಣೆ. ಆಕೆ ಎಣ್ಣೆ ಕೈ ಒರೆಸಿಕೊಂಡು ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೊಮ್ಮಗನಿಗಾ ಎಂದು ಕೇಳಿದಳು. ನನಗೇ ಎಂದಾಗ ನಗಲಿಲ್ಲ, ಎಡಗೈ ಚಾಚಿ ಎಂದಳು. ಬೆರಳು ಅಳೆದು, ಮಣಿಕಟ್ಟು ತಿರುಗಿಸಿ ನೋಡಿ, ಬೇಸ್ ಟ್ರೊಂಬೋನಿನ ಭಾರವೆಲ್ಲ ಈ ಕೈಯ ಮೇಲೇ ಬೀಳುತ್ತೆ, ಕಿವಿಗಿಂತ ಮುಂಚೆ ಕೈ ಒಪ್ಪಬೇಕು ಎಂದಳು. ನನಗೆ ಆ ಹುಡುಗಿ ಹಿಡಿಸಿದಳು.

ಐದು ತಂದಿಟ್ಟಳು. ಎರಡನ್ನು ಕೈ ಬೇಡವೆಂದಿತು. ಉಳಿದದ್ದು ಮೂರು. ಮೊದಲನೆಯದು ಹೊಚ್ಚ ಹೊಸದು, ಕೆಂಪು ತಾಮ್ರದ ಅಗಲ ಬಾಯಿ, ಊದಿದರೆ ನನ್ನ ಪಕ್ಕೆಲುಬು ನಡುಗಿ ನಾನೇ ಒಂದು ಹಡಗು ಅನ್ನಿಸುವಂಥ ದನಿ. ಅದರ ಎರಡನೆಯ ವಾಲ್ವ್ ಮಾತ್ರ ಮೊದಲನೆಯದನ್ನು ಒತ್ತಿದರಷ್ಟೇ ಕೆಲಸ ಮಾಡುತ್ತದೆ, ಗಂಡನನ್ನು ಬಿಟ್ಟು ಪೇಟೆಗೆ ಹೋಗದ ನಮ್ಮ ದೊಡ್ಡಮ್ಮನ ಹಾಗೆ. ಎರಡನೆಯದು ಹಗುರ, ಆದರೆ ಮೆಲ್ಲಗೆ ನುಡಿಸಿದರೆ ದನಿ ಒಡೆಯುತ್ತಿತ್ತು. ಮೂರನೆಯದು ಇಪ್ಪತ್ತು ವರ್ಷ ಹಳೆಯದು, ಯಾರೋ ನುಡಿಸಿ ನುಡಿಸಿ ಹಿಡಿಯುವ ಜಾಗದಲ್ಲಿ ಮೆರುಗು ಸವೆದು ಹಿತ್ತಾಳೆ ಬೋಳಾಗಿತ್ತು. ಎರಡು ವಾಲ್ವೂ ತಮ್ಮಷ್ಟಕ್ಕೆ ತಾವು ಕೆಲಸ ಮಾಡುತ್ತವೆ, ಇಲ್ಲದ ಆ ಸ್ವರ ಸ್ಲೈಡಿನ ಅರ್ಧ ದಾರಿಯಲ್ಲೇ ಸಿಗುತ್ತದೆ. ದನಿ ಮಾತ್ರ ಊದುವ ನನಗೆ ಕಂಬಳಿ ಹೊದ್ದ ಹಾಗೆ ಮಂಕಾಗಿ ಕೇಳಿತು. ನಾನು ಮನಸ್ಸಿನಲ್ಲೇ ಮೊದಲನೆಯದನ್ನು ಮನೆಗೆ ಒಯ್ದಾಗಿತ್ತು.

ಮೇಷ್ಟ್ರು ಕೋಣೆಯ ಆ ತುದಿಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತರು. ಯಾವುದು ಎಂದು ಹೇಳದೆ ನುಡಿಸಿ, ನಾನು ನೋಡುವುದಿಲ್ಲ ಎಂದರು. ಅಂಗಡಿಯಾಕೆ ಕೈಗೆ ಕೊಟ್ಟದ್ದನ್ನು ನಾನು ನುಡಿಸಿದೆ, ಮೂರು ಸುತ್ತು, ಮೂರು ಸಲವೂ ಬೇರೆ ಬೇರೆ ಸರದಿಯಲ್ಲಿ. ಮೂರು ಸಲವೂ ಅವರು ಆರಿಸಿದ್ದು ಆ ಹಳೆಯದನ್ನೇ. ನನಗೆ ಮೂಗಿನ ತುದಿಗೆ ಕೋಪ ಬಂತು. ನನ್ನ ಕಿವಿಯನ್ನು ಕಾರ್ಖಾನೆಯಲ್ಲಿ ಇಂಜಿನಿಯರುಗಳೂ ಪ್ರಶ್ನಿಸುತ್ತಿರಲಿಲ್ಲ, ಗೊತ್ತಲ್ಲ. ಅದಕ್ಕೆ ಅವರು, ನೀವು ಇಲ್ಲಿ ಬಂದು ನಿಲ್ಲಿ, ನಾನು ನುಡಿಸುತ್ತೇನೆ, ನುಡಿಸಲು ಏನಾದರೂ ಕೊಡಿ ಎಂದರು. ನಿನ್ನ ಪೆಟ್ಟಿಗೆಯನ್ನೂ ಒಯ್ದಿದ್ದೆನಲ್ಲ, ಅದರ ಮುಚ್ಚಳದ ಚೀಲದಲ್ಲಿ ಹಳೆಯ ಸ್ವರಪತ್ರಿಕೆಗಳಿದ್ದವು, ಒಂದು ನೀನು ಹದಿನೇಳರಲ್ಲಿ ನುಡಿಸುತ್ತಿದ್ದ ಆ ನಿಧಾನದ ನಡಿಗೆಯ ಹಾಡಿನದು. ಅದನ್ನು ತೆಗೆದು ಸ್ಟ್ಯಾಂಡಿನ ಮೇಲಿಟ್ಟೆ.

ಅವರು ಕನ್ನಡಕ ಹಾಕಿಕೊಂಡು ಬಗ್ಗಿದರು. ಬಗ್ಗಿದವರು ಹಾಗೇ ನಿಂತರು. ಅದರ ತುಂಬ ನಿನ್ನ ಪೆನ್ಸಿಲ್ ಬರಹ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಹೆಬ್ಬೆರಳು ಒತ್ತಬೇಕು, ಒಂದು ಕಡೆ ‘ಹಸಿವಾಗ್ತಿದೆ’ ಎಂದೂ ಇತ್ತು. ನಾನು ನಕ್ಕೆ. ಅವರು ನಗಲಿಲ್ಲ. ಕೆಳಗಿನ ಸಾಲಿನಲ್ಲಿ ಏನನ್ನೋ ಎರಡು ಸಲ ಓದಿದರು, ಟ್ರೊಂಬೋನ್ ಎತ್ತಿ ಆ ಸಾಲನ್ನು ಮೂರರಲ್ಲೂ ನುಡಿಸಿದರು. ನಾನು ಗೋಡೆಯ ಕಡೆ ಮುಖ ಮಾಡಿ ಕೇಳಿದೆ. ನನ್ನನ್ನು ನಡುಗಿಸಿದ್ದ ಕೆಂಪು ತಾಮ್ರದ್ದು ಆ ತುದಿಗೆ ಬರುವಷ್ಟರಲ್ಲಿ ಬರೀ ಗದ್ದಲ. ಹಳೆಯದರ ದನಿ ನೆಲದ ಹಲಗೆಯ ಮೇಲೆ ನಡೆದು ಬಂದು ನನ್ನ ಕಾಲಿನಿಂದ ಮೇಲೇರಿತು. ಊದುವವಳಿಗೆ ಮಂಕು, ಕೇಳುವವರಿಗೆ ತುಂಬು. ತಪ್ಪು ನನ್ನದೇ ಎಂದು ಒಪ್ಪಿಕೊಂಡೆ.

ಆಮೇಲೆ ಅಂಗಡಿಯಾಕೆ, ನೀವು ತಂದ ಟ್ರೊಂಬೋನನ್ನು ಬದಲಿಗೆ ಬಿಟ್ಟುಹೋಗುತ್ತೀರಾ, ಕಲಿಯುವ ಮಕ್ಕಳು ಕೇಳುತ್ತಿರುತ್ತಾರೆ ಎಂದಳು. ನಿಜ ಹೇಳುತ್ತೇನೆ, ‘ಹೂಂ’ ಎನ್ನಲು ಬಾಯಿ ತೆರೆದಿದ್ದೆ. ನೀನು ಹನ್ನೊಂದು ವರ್ಷದಿಂದ ಮುಟ್ಟಿಲ್ಲ, ಕೇಳಿಲ್ಲ, ಅದರ ಹೆಸರೆತ್ತಿಲ್ಲ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಅಷ್ಟರಲ್ಲಿ ಆಕೆ ವಾಲ್ವಿಗೆ ಎಣ್ಣೆ ತರಲು ಒಳಗೆ ಹೋದಳು. ಮೇಷ್ಟ್ರು ಕನ್ನಡಕ ಮಡಚುತ್ತಾ, ನನ್ನ ಕಡೆ ನೋಡದೆ ಕೇಳಿದರು.

“ಮಗಳಿಗೆ ಹೇಳಿದೀರಾ?”

ಏನನ್ನು ಎಂದು ಕೇಳಿದೆ. ಕೇಳಿದ ದನಿ ನನಗೇ ಬಿರುಕು ಬಿಟ್ಟ ಬಟ್ಟಲಿನ ಹಾಗೆ ಕೇಳಿಸಿತು.

“ಹೇಳಿಲ್ಲ ಅಂತಾಯ್ತು. ಆ ಒಂದು ಸಲ ಆದ್ಮೇಲೆ ನಾನು ಯಾವ ಮಗೂಗೂ ನೀನು ಬೇಡ ಅಂದಿಲ್ಲ. ನೀವು ಬಂದು ಕೂತಾಗಲೂ ಅದಕ್ಕೇ ಏನೂ ಅನ್ಲಿಲ್ಲ.”

ಮರೆತಿರಲಿಲ್ಲ ಅವರು. ಹನ್ನೆರಡು ತಿಂಗಳು ನನ್ನ ಎದುರು ಕೋಲು ಹಿಡಿದು ನಿಂತು, ನಾನಾಗಿ ಹೇಳುತ್ತೇನೇನೋ ಎಂದು ಕಾದಿದ್ದರು. ನಿನ್ನ ಟ್ರೊಂಬೋನ್ ಬಿಡುವುದಿಲ್ಲ ಎಂದು ಅಂಗಡಿಯಾಕೆಗೆ ಹೇಳಿ, ಎರಡು ಪೆಟ್ಟಿಗೆ ಎರಡು ಕೈಯಲ್ಲಿ ಹಿಡಿದು ಮೆಟ್ಟಿಲಿಳಿದೆ.

ಕುಳ್ಳಿ, ಈಗ ನಾನು ಬರೆಯುವುದನ್ನು ನಡುವೆ ನಿಲ್ಲಿಸದೆ ಓದು. ಹನ್ನೊಂದು ವರ್ಷದ ಹಿಂದೆ ನಿನ್ನನ್ನು ಬ್ಯಾಂಡಿನಿಂದ ತೆಗೆದದ್ದು ಮೇಷ್ಟ್ರಲ್ಲ. ನಾನು. ನಿನ್ನ ಕೊನೆಯ ವರ್ಷದ ಪರೀಕ್ಷೆಗೆ ನಾಲ್ಕು ತಿಂಗಳಿದ್ದಾಗ ಒಂದು ಮಧ್ಯಾಹ್ನ ಕಾರ್ಖಾನೆಗೆ ರಜೆ ಹಾಕಿ ಅವರ ಹತ್ತಿರ ಹೋಗಿ, ನನ್ನ ಮಗಳನ್ನು ಬಿಡಿಸಿಬಿಡಿ, ನಾನು ಹೇಳಿದೆ ಎಂದು ಮಾತ್ರ ಅವಳಿಗೆ ಗೊತ್ತಾಗಬಾರದು ಎಂದು ಕೇಳಿಕೊಂಡೆ. ಓದು ಕೆಡುತ್ತಿದೆ ಎಂದು ಅವರಿಗೆ ಹೇಳಿದೆ. ಇಷ್ಟು ವರ್ಷ ನನಗೂ ಅದನ್ನೇ ಹೇಳಿಕೊಂಡಿದ್ದೇನೆ. ನೀನು ಒಳ್ಳೆಯ ಅಂಕ ತೆಗೆದು, ಓದಿ, ಈ ಕೆಲಸಕ್ಕೆ ಸೇರಿದಾಗ, ನೋಡಿದೆಯಾ, ಒಳ್ಳೆಯದೇ ಆಯಿತಲ್ಲ ಎಂದು ಕನ್ನಡಿಯ ಮುಂದೆ ನಿಂತು ಹೇಳಿಕೊಂಡಿದ್ದೇನೆ.

ಓದು ಕೆಟ್ಟಿರಲಿಲ್ಲ. ಕೆಟ್ಟದ್ದು ನನ್ನ ಕೆಲಸ. ನೀನು ಸಂಜೆಯೆಲ್ಲ ನುಡಿಸುತ್ತಿದ್ದೆ, ಈ ಎರಡು ಕೋಣೆಯ ಮನೆಯಲ್ಲಿ ಎಲ್ಲಿ ಕೂತರೂ ಆ ದನಿ. ಬೆಳಿಗ್ಗೆ ಬೆಂಚಿನ ಮುಂದೆ ಕೂತರೂ ಅದು ಕಿವಿಯೊಳಗೆ ಗುಂಯ್ ಅನ್ನುತ್ತಿತ್ತು. ಒಂದೇ ತಿಂಗಳಲ್ಲಿ ಎರಡು ಸಲ ಬಿರುಕಿನ ಬಟ್ಟಲು ನನ್ನ ಕೈದಾಟಿ ಹೋಯಿತು. ಸೂಪರ್‌ವೈಜರ್ ಎಲ್ಲರೆದುರು ಅವೆರಡನ್ನೂ ನನ್ನ ಮುಂದೆ ಇಟ್ಟು, ಈಗ ಬಡಿದು ನೋಡಿ ಎಂದ. ಇಡೀ ಸಾಲು ಕೆಲಸ ನಿಲ್ಲಿಸಿ ನೋಡುತ್ತಿತ್ತು. ಆವತ್ತು ನನಗಾದ ಅವಮಾನವನ್ನು ನಾನು ಯಾರಿಗೂ ಹೇಳಲಿಲ್ಲ, ನಿನ್ನ ಅಪ್ಪನಿಗೂ. ಮನೆಗೆ ಬಂದು ನಿನಗೆ, ಕಂದಾ, ಸಂಜೆ ಒಂದು ಗಂಟೆ ಮಾತ್ರ ನುಡಿಸು, ಅಮ್ಮನ ಕಿವಿಗೆ ಸುಸ್ತು ಎಂದಿದ್ದರೆ ಮುಗಿದಿತ್ತು. ನೀನು ಕೇಳುತ್ತಿದ್ದೆ. ನನಗೆ ಗೊತ್ತಿತ್ತು, ಕೇಳುತ್ತಿದ್ದೆ. ಆದರೆ ಆ ಟ್ರೊಂಬೋನ್ ಕೊಡಿಸಿದವಳು ನಾನೇ ಅಲ್ಲವೇ. ನನ್ನ ಅಮ್ಮನಂಥ ಅಮ್ಮ ಯಾರಿಗೂ ಇಲ್ಲ ಎಂದು ನೀನು ಇಡೀ ಕ್ಲಾಸಿಗೆ ಹೇಳಿಕೊಂಡು ಬಂದಿದ್ದೆ. ಆ ಹೆಸರು ಉಳಿಯಬೇಕಿತ್ತು ನನಗೆ. ಕೆಟ್ಟವರಾಗುವುದಿದ್ದರೆ ಮೇಷ್ಟ್ರು ಆಗಲಿ ಎಂದುಕೊಂಡೆ. ಏನು ಕಾರಣ ಹೇಳಿ ಬಿಡಿಸಬೇಕು ಎನ್ನುವುದನ್ನು ಅವರಿಗೇ ಬಿಟ್ಟೆ.

ಆ ಸಂಜೆ ನೀನು ಬಂದು ಬೂಟು ಕೂಡ ಬಿಚ್ಚದೆ ಈ ಮೇಜಿನ ಹತ್ತಿರ ನಿಂತದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅಳಲಿಲ್ಲ ನೀನು. ‘ನಂಗೆ ಕಿವಿ ಇಲ್ವಂತಮ್ಮ’ ಎಂದೆ, ಯಾವುದೋ ಚೀಟಿ ಓದಿದ ಹಾಗೆ. ನಾನು ನಿನ್ನ ತಲೆ ಸವರಿದೆ. ಹೋಗಲಿ ಬಿಡು, ಎಲ್ಲರಿಗೂ ಎಲ್ಲ ಬರಬೇಕು ಅಂತೇನಿಲ್ಲ ಎಂದೆ. ಬಿಸಿ ಹಾಲು ಕೊಟ್ಟೆ. ನೀನು ಪೆಟ್ಟಿಗೆಯನ್ನು ನೀನೇ ಅಟ್ಟಕ್ಕೆ ಹತ್ತಿಸಿದೆ, ಏಣಿ ಹಿಡಿದುಕೊಂಡವಳು ನಾನು. ಅಂದಿನಿಂದ ಈ ಮನೆಯಲ್ಲಿ ನೀನು ಒಂದು ಹಾಡು ಗುನುಗಿದ್ದನ್ನು ಕೇಳಿಲ್ಲ. ಅಪ್ಪನ ಅರುವತ್ತನೆಯ ಹುಟ್ಟುಹಬ್ಬದ ದಿನ ಎಲ್ಲರೂ ಹಾಡುವಾಗ ನೀನು ಬರೀ ತುಟಿ ಆಡಿಸಿದೆ. ಪಕ್ಕದಲ್ಲೇ ನಿಂತಿದ್ದ ನನಗೆ ನಿನ್ನ ದನಿ ಇಲ್ಲದ್ದು ಕೇಳಿಸಿತು. ಆ ದಿನ ಬಾಯಿ ಬಿಡಬಹುದಿತ್ತು. ಎಷ್ಟೋ ದಿನ ಬಿಡಬಹುದಿತ್ತು.

ಇದಕ್ಕಿಂತ ನಾಚಿಕೆಯ ಮಾತು ಇನ್ನೊಂದಿದೆ. ನನಗೆ ಸಂತೋಷವಾಗಿದೆ ಕಣೇ. ಆ ಹಳೆಯ ಬೇಸ್ ಟ್ರೊಂಬೋನ್ ಈಗ ನಿನ್ನ ಕೋಣೆಯ ಮೂಲೆಯಲ್ಲಿದೆ. ಅಂಗಡಿಯಾಕೆ ಎರಡನೆಯ ವಾಲ್ವಿನ ಪಟ್ಟಿಯನ್ನು ನನ್ನ ನಡುಬೆರಳಿಗೆ ತಕ್ಕಂತೆ ಬಗ್ಗಿಸಿ ಕೊಟ್ಟಿದ್ದಾಳೆ. ನಿನ್ನೆ ಅಭ್ಯಾಸದಲ್ಲಿ ನಟಿಸುತ್ತಿದ್ದ ಆ ಸ್ವರವನ್ನು ಮೊದಲ ಸಲ ನಿಜವಾಗಿ ನುಡಿಸಿದಾಗ, ಮುಂದಿನ ಸಾಲಿನವರೆಲ್ಲ ಯಾರೋ ಕುರ್ಚಿ ಸರಿಸಿದಂತೆ ನೆಟ್ಟಗಾದರು. ಮೂವತ್ತು ಜನರ ದನಿ ನನ್ನ ದನಿಯ ಮೇಲೆ ಕೂತಿತು, ನಾನು ಅದನ್ನು ಹೊತ್ತುಕೊಂಡೆ. ಮೈ ಝುಂ ಅಂದಿತು. ಮನೆಗೆ ಬರುವ ದಾರಿಯಲ್ಲಿ, ಇದನ್ನೇ ಅಲ್ಲವೇ ನಾನು ನನ್ನ ಮಗುವಿನ ಬಾಯಿಂದ ಕಿತ್ತುಕೊಂಡದ್ದು ಎಂದು ಹೊಳೆದು, ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತುಬಿಟ್ಟೆ. ಎರಡು ಬಸ್ಸು ಬಿಟ್ಟೆ. ಮೂರನೆಯದರ ಡ್ರೈವರ್ ನನಗಾಗಿ ಕಾದ, ಏನಾದರೂ ಸಹಾಯ ಬೇಕೇ ಎಂದು ಕೇಳಿದ. ಪೆಟ್ಟಿಗೆ ಭಾರ ಎಂದೆ. ಅಲ್ಲಿಯೂ ಸುಳ್ಳು.

ನಿನ್ನ ಟ್ರೊಂಬೋನನ್ನು ತೊಳೆದು, ಸ್ಲೈಡಿಗೆ ಹೊಸ ಎಣ್ಣೆ ಹಾಕಿಸಿ, ಇದೇ ದೋಣಿಗೆ ಬೇರೆ ಪಾರ್ಸಲ್ ಮಾಡಿದ್ದೇನೆ. ನುಡಿಸಬೇಕು ಎಂದಲ್ಲ. ನುಡಿಸು ಎಂದು ಹೇಳುವ ಮುಖ ನನಗಿಲ್ಲ. ನಿನ್ನ ವಸ್ತು ನಿನ್ನ ಹತ್ತಿರ ಇರಲಿ, ಇಟ್ಟುಕೊಳ್ಳುವುದೋ ಸಮುದ್ರಕ್ಕೆ ಎಸೆಯುವುದೋ ನಿನಗೆ ಬಿಟ್ಟದ್ದು. ಎಸೆಯುವುದಾದರೆ ಮೌತ್‌ಪೀಸ್ ಮಾತ್ರ ತೆಗೆದಿಟ್ಟುಕೋ, ಬೆಳ್ಳಿಯ ಲೇಪ ಚೆನ್ನಾಗಿದೆ. ನೋಡು, ಇಂಥ ಹೊತ್ತಿನಲ್ಲೂ ನನ್ನ ಬುದ್ಧಿ.

ಕೆಮ್ಮಿಗೆ ಕಾಳುಮೆಣಸಿನ ಕಷಾಯ ಮಾಡಿಕೋ. ಗಾಳಿ ಜೋರಿದ್ದಾಗ ಗೋಪುರ ಹತ್ತಬೇಡ, ಹತ್ತಲೇಬೇಕಾದರೆ ಹಗ್ಗ ಕಟ್ಟಿಕೋ. ಜೊತೆಯ ಅಡುಗೆಯವರನ್ನು ಕೇಳಿದೆನೆಂದು ಹೇಳು. ನಿನ್ನ ಅಪ್ಪ ನೂರು ಆಶೀರ್ವಾದ ತಿಳಿಸಲು ಹೇಳಿದ್ದಾರೆ. ನನ್ನ ಆಶೀರ್ವಾದವೂ ಇದೆ, ಬೇಕೆನಿಸಿದರೆ ತೆಗೆದುಕೋ.

ನಿನ್ನ
ಅಮ್ಮ

ಮತ್ತೆ: ನಾಲ್ಕೂ ಮುಕ್ಕಾಲು. ಅಪ್ಪ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ. ಲಕೋಟೆ ಅಂಟಿಸಿದವಳು ಹರಿದು ಮತ್ತೆ ಬರೆಯುತ್ತಿದ್ದೇನೆ. ಕಾರಣ ಹೇಳುವುದನ್ನು ಮೇಷ್ಟ್ರಿಗೆ ಬಿಟ್ಟೆ ಎಂದು ಮೇಲೆ ಬರೆದೆನಲ್ಲ, ಅದು ನಿಜವಲ್ಲ. ಅವರು, ಏನಂತ ಹೇಳಲಮ್ಮ, ಅವಳಲ್ಲಿ ತಪ್ಪೇ ಸಿಗುವುದಿಲ್ಲವಲ್ಲ ಎಂದು ಕೇಳಿದರು. “ಕಿವಿ ಸಾಲದು ಅನ್ನಿ, ಆಮೇಲೆ ಅವಳು ಇದರ ತಂಟೆಗೇ ಬರಲ್ಲ” ಎಂದವಳು ನಾನು. ಆ ಮಾತು ನನ್ನದು. ನಾನು ಹುಟ್ಟಿಸಿದ್ದು. ಮೊನ್ನೆ ಅಂಗಡಿಯಲ್ಲಿ ಮೇಷ್ಟ್ರು ಎರಡು ಸಲ ಓದಿದ್ದು ನಿನ್ನ ಪೆನ್ಸಿಲಿನ ಈ ಸಾಲನ್ನು: ‘ಇಲ್ಲಿ ಎಲ್ಲರೂ ಒಂದು ಕೂದಲೆಳೆ ಇಳೀತಾರೆ, ನಾನು ಇಳೀಬಾರದು.’ ನಿನ್ನೆ ಬ್ಯಾಂಡು ಅದೇ ಹಾಡು ನುಡಿಸಿತು, ಅವರು ಅಲ್ಲಿಗೆ ಬಂದಾಗ ಕೋಲು ನಿಲ್ಲಿಸಿ ಕಿವಿಗೊಟ್ಟರು. ಎಲ್ಲರೂ ಸ್ವರದಿಂದ ಕೆಳಗಿಳಿದಿದ್ದೆವು. ನಾನೂ. ಇಪ್ಪತ್ತೊಂಬತ್ತು ವರ್ಷದ ನನ್ನ ಕಿವಿಗೂ ಅದು ತಿಳಿದಿರಲಿಲ್ಲ. ನಿನ್ನ ಕಿವಿಯಲ್ಲಿ ಎಂದೂ ಕೊರತೆ ಇರಲಿಲ್ಲ ಕಂದಾ. ಇದನ್ನೆಲ್ಲ ಅಪ್ಪನಿಗೆ ಈಗಷ್ಟೇ ಓದಿ ಹೇಳಿದೆ. ಅವರು, ಬೇಗ ಅಂಟಿಸು ಎಂದರು. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಎಷ್ಟು ಹಾಳೆ ಬೇಕೋ ಅಷ್ಟು ಬೈದು ಬರೆ. ಬರೆಯದೆ ಮಾತ್ರ ಇರಬೇಡ.